ಆ ಕಮಿಟಿದು ಏನಾಯ್ತು?

ನಮ್ಮ ದೊಡ್ಡಪ್ಪನದು ಜಗಳೂರು ಕಡೆಯ ಒಂದು ಹಳ್ಳಿ. ಐದು ಎಕರೆ ಖುಷ್ಕಿ ಜಮೀನು, ಹೆಚ್ಚೂಕಡಿಮೆ ಪ್ರತಿ ವರ್ಷ ಮೆಕ್ಕೆಜೋಳ. ಕೆಲವು ವರ್ಷದ ಹಿಂದೆ ಬೆಳೆ ಬೆಲೆ ವಿಚಾರಕ್ಕೆ ಒಂದು ಸಮಿತಿಯವರು ದಾವಣಗೆರೆಗೆ ಬಂದು ರೈತರ ಅಹವಾಲು ಕೇಳುತ್ತಾರೆ ಅಂತ ಪೇಪರ್‌ನಲ್ಲಿ ಬಂದಿತ್ತು. ದೊಡ್ಡಪ್ಪ ಬೆಳಗ್ಗೆ ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಮೊಮ್ಮಗಳ ನೋಟ್‌ಬುಕ್. ಮುಂದಿನಿಂದ ಅವಳ ಮಗ್ಗಿ, ಹಿಂದಿನಿಂದ ಇವರ ಲೆಕ್ಕ. ಬೀಜ, ಡಿಎಪಿ, ಯೂರಿಯಾ, ಎಡೆ ಹೊಡೆಸಿದ್ದು, ಕಳೆ ತೆಗೆದವರ ಕೂಲಿ, ತೆನೆ ಮುರಿದವರ ಕೂಲಿ, ಒಕ್ಕುವ ಮಷಿನ್ ಬಾಡಿಗೆ, ಚೀಲ, ಟ್ರ್ಯಾಕ್ಟರ್, ಹಮಾಲಿ. ಒಂದೂ ಬಿಟ್ಟಿರಲಿಲ್ಲ.

ನಾನೂ ಜೊತೆಗೆ ಹೋಗಿದ್ದೆ. ಸಮಿತಿಯಲ್ಲಿದ್ದ ಒಬ್ಬರು ಆ ಪುಸ್ತಕ ತಗೊಂಡು ಪುಟ ಪುಟ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಯಜಮಾನ್ರೇ, ನೀವು, ನಿಮ್ಮ ಮನೆಯವರು ಹೊಲದಲ್ಲಿ ದುಡಿದಿದ್ದು ಎಲ್ಲಿ ಬರೆದಿದ್ದೀರಿ?"

"ನಮ್ಮ ಹೊಲಕ್ಕೆ ನಾವೇ ಕೂಲಿ ಬರ್ಕೊಳ್ಳೋದಾ ಸಾರ್?"

"ಬರೀಬೇಕು. ಅದೂ ಖರ್ಚೇ."

ವಾಪಸ್ ಬಸ್ ಸ್ಟ್ಯಾಂಡಿಗೆ ಬಂದಾಗ ದೊಡ್ಡಪ್ಪ ನನ್ನ ಪೆನ್ನು ಇಸ್ಕೊಂಡರು. ಬೆರಳು ಮಡಚಿ ದೊಡ್ಡಮ್ಮನ ದಿನಗಳನ್ನು ಎಣಿಸಿದರು. ಬಿತ್ತನೆಗೆ ಇಷ್ಟು, ಗೊಬ್ಬರಕ್ಕೆ ಇಷ್ಟು, ಕಳೆಗೆ ಇಷ್ಟು. "ನಲವತ್ತು ವರ್ಷದಿಂದ ಇವಳ ಕೂಲಿ ಯಾರೂ ಹಿಡಿದಿರಲಿಲ್ಲ ನೋಡು" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆಯೋಗ, ಸಮಿತಿ ಅಂದರೆ ನನಗೆ ಗೌರವ ಹುಟ್ಟಿದ್ದು ಅವತ್ತು. ದಿನನಿತ್ಯದ ಗಡಿಬಿಡಿಯಲ್ಲಿ ಮಂತ್ರಿಗಳು, ಅಧಿಕಾರಿಗಳು ಕೇಳದ ಪ್ರಶ್ನೆಯನ್ನು ಕೂತು ಕೇಳುವವರು ಬೇಕು. ದೆಹಲಿಯ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಇದೇ ಲೆಕ್ಕ ಮಾಡುತ್ತದೆ. 1965ರಲ್ಲಿ ಶುರುವಾದ ಸಂಸ್ಥೆ. ಕೈಯಿಂದ ಬಿಚ್ಚಿದ ದುಡ್ಡು ಮಾತ್ರ ಹಿಡಿದರೆ ಅದು ಎ2. ಮನೆಯವರ ದುಡಿಮೆ ಸೇರಿಸಿದರೆ ಎ2 ಪ್ಲಸ್ ಎಫ್‌ಎಲ್. ಸ್ವಂತ ಜಮೀನಿನ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಎಲ್ಲಾ ಸೇರಿಸಿದರೆ ಸಿ2. ಕೇಂದ್ರ ಸರ್ಕಾರ ಎರಡನೆಯದರ ಮೇಲೆ ಅರ್ಧದಷ್ಟು ಜಾಸ್ತಿ ಸೇರಿಸಿ ಬೆಂಬಲ ಬೆಲೆ ಕೊಡುತ್ತೇವೆ ಅನ್ನುತ್ತದೆ. ಸ್ವಾಮಿನಾಥನ್ ಆಯೋಗದ ಹೆಸರು ಹೇಳಿ ರೈತ ಸಂಘಟನೆಗಳು ಮೂರನೆಯದರ ಮೇಲೆ ಕೇಳುತ್ತವೆ. 2025-26ರ ಮುಂಗಾರಿಗೆ ಮೆಕ್ಕೆಜೋಳಕ್ಕೆ ಕ್ವಿಂಟಾಲ್‌ಗೆ 2,400 ರೂಪಾಯಿ ಅಂತ ಘೋಷಣೆಯಾಯಿತು. ಅದರ ಹಿಂದೆ ಇರುವ ಜಗಳ ಇಷ್ಟೇ: ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ಯಾವ ಸಾಲು ಬರೆಯಬೇಕು, ಯಾವುದನ್ನು ಬಿಡಬೇಕು.

ಆದರೆ ನಾವು ಹೋಗಿದ್ದ ಆ ಸಮಿತಿ ವರದಿ ಕೊಟ್ಟಿತೋ ಇಲ್ಲವೋ, ಕೊಟ್ಟಿದ್ದರೆ ಸರ್ಕಾರ ಏನಂದಿತು, ಇದು ಜಗಳೂರಿನ ಆ ಹಳ್ಳಿಗೆ ಮುಟ್ಟಲೇ ಇಲ್ಲ. ಊರಿಗೆ ಹೋದಾಗಲೆಲ್ಲ ದೊಡ್ಡಪ್ಪ ಕೇಳುತ್ತಾರೆ, "ಆ ಕಮಿಟಿದು ಏನಾಯ್ತೋ?"

ಸಮಿತಿ ಹೇಳಿದ್ದನ್ನೆಲ್ಲ ಸರ್ಕಾರ ಕಣ್ಣು ಮುಚ್ಚಿ ಮಾಡಲೇಬೇಕು ಅಂತ ನನ್ನ ಕೆಲವು ಸ್ನೇಹಿತರು ವಾದ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ನಾವು ಓಟು ಹಾಕಿದ್ದು ಎಂಎಲ್‌ಎಗೆ. ಐದು ವರ್ಷಕ್ಕೊಮ್ಮೆ ನಮ್ಮ ಮುಂದೆ ಬಂದು ನಿಲ್ಲಬೇಕಾದವರು ಅವರು. ನಿವೃತ್ತ ನ್ಯಾಯಮೂರ್ತಿಗಳಾಗಲಿ ಪ್ರೊಫೆಸರ್ ಆಗಲಿ ದಾರಿ ತೋರಿಸಬಹುದು, ತೀರ್ಮಾನ ಸರ್ಕಾರದ್ದೇ. ಹಿಂದುಳಿದ ವರ್ಗಗಳ ಮೀಸಲಾತಿ ವಿಚಾರಕ್ಕೆ 1972ರಲ್ಲಿ ದೇವರಾಜ ಅರಸು ಸರ್ಕಾರ ನೇಮಿಸಿದ ಎಲ್.ಜಿ. ಹಾವನೂರ್ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಸರ್ಕಾರ ಅದನ್ನು ಇದ್ದ ಹಾಗೇ ಒಪ್ಪಲಿಲ್ಲ. ಒಂದಿಷ್ಟು ಬದಲಾವಣೆ ಮಾಡಿ 1977ರಲ್ಲಿ ಆದೇಶ ಹೊರಡಿಸಿತು. ಅದರಿಂದ ಓದಿ ಕೆಲಸ ಹಿಡಿದವರು ನಮ್ಮ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಲ್ಲಿ ಎಷ್ಟು ಮಂದಿ ಇದ್ದಾರೆ!

ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಗುಂಪು ಮಾಡಿ ಹಂಚುವ ವಿಚಾರದಲ್ಲಿ ಎರಡೂ ಥರ ನೋಡಿದೆವು. ನ್ಯಾಯಮೂರ್ತಿ ಎ.ಜೆ. ಸದಾಶಿವ ಆಯೋಗ 2005ರಲ್ಲಿ ನೇಮಕವಾಗಿ 2012ರಲ್ಲಿ ವರದಿ ಕೊಟ್ಟಿತು. ಅದನ್ನು ಸದನದಲ್ಲಿ ಇಟ್ಟು ಚರ್ಚೆ ಮಾಡಿ ಅಂತ ಜನ ವರ್ಷಗಟ್ಟಲೆ ಬೀದಿಯಲ್ಲಿ ಕೂತರು. ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಆಗಸ್ಟ್ ಮೊದಲ ವಾರ ವರದಿ ಕೊಟ್ಟಾಗ ಅದೇ ತಿಂಗಳು ಸಚಿವ ಸಂಪುಟ ತೀರ್ಮಾನ ಮಾಡಿತು. ಆಯೋಗ ಹೇಳಿದ್ದು ಐದು ಗುಂಪು, ಸಂಪುಟ ಮಾಡಿದ್ದು ಮೂರು. ಸರಿಯೋ ತಪ್ಪೋ, ಅದರ ಮೇಲೆ ಮಾತಾಡಬಹುದು, ಕೋರ್ಟಿಗೆ ಹೋಗಬಹುದು, ಬೈಯಬಹುದು. ಉತ್ತರವೇ ಬರದಿದ್ದರೆ ಯಾರನ್ನು ಹಿಡಿದು ಕೇಳುವುದು?

ಒಳ್ಳೆಯ ವರದಿ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ನನಗೆ ಯಾವಾಗಲೂ ನೆನಪಾಗುವುದು ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2000ದಲ್ಲಿ ನೇಮಕ, 2002ರಲ್ಲಿ ವರದಿ. "ಉತ್ತರ ಕರ್ನಾಟಕ ಹಿಂದುಳಿದಿದೆ" ಅಂತ ಒಟ್ಟಾಗಿ ಹೇಳಿ ಕೈ ತೊಳ್ಕೊಳ್ಳಲಿಲ್ಲ ಅವರು. 35 ಸೂಚ್ಯಂಕ ಇಟ್ಟುಕೊಂಡು 175 ತಾಲ್ಲೂಕುಗಳನ್ನೂ ಒಂದೊಂದಾಗಿ ತೂಗಿದರು. 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಹೆಸರು ಹಿಡಿದು ಬರೆದರು. ಆಗ ನಮ್ಮ ದಾವಣಗೆರೆ ಜಿಲ್ಲೆಯಲ್ಲೇ ಇದ್ದ ಹರಪನಹಳ್ಳಿ ಆ 39ರಲ್ಲಿ ಒಂದು. ಅವತ್ತಿನಿಂದ ನಮ್ಮ ಭಾಗದವರು ಬಜೆಟ್ ಬಂದಾಗ ಸುಮ್ನೆ ಗೋಳಾಡಲಿಲ್ಲ, ವರದಿ ಹಿಡಿದು ಕೇಳಿದರು. ಹಾಗಿದ್ದೂ ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗಿದ್ದು 2007-08ರಲ್ಲಿ. ಐದು ವರ್ಷ ಹೋಯಿತು. ಒಂದನೇ ಕ್ಲಾಸಿಗೆ ಸೇರಿದ ಮಗು ಆರನೇ ಕ್ಲಾಸಿಗೆ ಬಂತು ಅಂತ ಲೆಕ್ಕ ಹಾಕಿ.

ಇದಕ್ಕೆ ದಾರಿ ಇಲ್ಲ ಅಂತೇನಿಲ್ಲ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಲ್ಲೇ ಇದೆ. ಆ ಕಾಯ್ದೆ ಪ್ರಕಾರ ನೇಮಿಸಿದ ಆಯೋಗ ವರದಿ ಕೊಟ್ಟ ಆರು ತಿಂಗಳೊಳಗೆ ಸರ್ಕಾರ ಅದನ್ನು ಸದನದ ಮುಂದೆ ಇಡಬೇಕು. ಜೊತೆಗೆ ತಾನು ಏನು ಕ್ರಮ ತಗೊಂಡೆ ಅಂತಲೂ ಬರೆದು ಕೊಡಬೇಕು. ಸುಮ್ಮನೆ ಸರ್ಕಾರಿ ಆದೇಶದ ಮೇಲೆ ಮಾಡಿದ ಸಲಹಾ ಸಮಿತಿಗಳಿಗೆ ಈ ಕಟ್ಟು ಇಲ್ಲ. ನಾನು ಕೇಳುವುದು ಇದೊಂದೇ. ಅವಕ್ಕೂ ಅದೇ ಆರು ತಿಂಗಳು ಹಾಕಿ. ಒಪ್ಪದಿದ್ದರೆ ಒಪ್ಪಬೇಡಿ, ಯಾಕೆ ಒಪ್ಪಲಿಲ್ಲ ಅಂತ ಎರಡು ಪುಟ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ದೊಡ್ಡಪ್ಪ ಓದುತ್ತಾರೆ.

ಇನ್ನೊಂದು ಚಿಕ್ಕ ವಿಷಯ. ಅಹವಾಲು ಕೊಟ್ಟವರಿಗೆ ಒಂದು ಸ್ವೀಕೃತಿ ಚೀಟಿ ಕೊಡಿ. ಅವತ್ತು ಅದೂ ಸಿಗಲಿಲ್ಲ ನಮಗೆ.

2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿ ನೋಡಿ. ಮುಖ್ಯವಾದ ನೀತಿ ಮಾಡುವಾಗ ಅದರ ವಿವರವನ್ನು ಸರ್ಕಾರ ತಾನಾಗಿಯೇ ಪ್ರಕಟಿಸಬೇಕು, ತೀರ್ಮಾನದಿಂದ ತೊಂದರೆಗೆ ಒಳಗಾಗುವವರಿಗೆ ಕಾರಣ ತಿಳಿಸಬೇಕು ಅಂತ ಅದರಲ್ಲಿದೆ. ಹಾಗಾಗಿ ನಾನು ಒಂದು ಕೆಲಸ ಶುರು ಮಾಡುತ್ತಿದ್ದೇನೆ. ದಾವಣಗೆರೆ, ಚಿತ್ರದುರ್ಗದಲ್ಲಿ ಯಾವುದೇ ಸಮಿತಿಯ ಮುಂದೆ ಹೋಗಿ ಮನವಿ ಕೊಟ್ಟವರು ಇದ್ದರೆ, ಯಾವ ಸಮಿತಿ, ಯಾವ ವರ್ಷ, ಏನು ಕೇಳಿದ್ದಿರಿ ಅಂತ ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ. ಪಟ್ಟಿ ಮಾಡಿ ಒಂದೊಂದಕ್ಕೂ ಅರ್ಜಿ ಹಾಕುತ್ತೇನೆ. ಮೊದಲ ಅರ್ಜಿ ದೊಡ್ಡಪ್ಪನ ಸಮಿತಿಯದು. ನಿನ್ನೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, "ನೋಟ್‌ಬುಕ್ ತರಲೇನಪ್ಪಾ?"