ಕಾಫಿಪುಡಿ ಅಂಗಡೀಲಿ ಪ್ರಪಂಚ

ನಮ್ಮನೆಗೆ ವರ್ಲ್ಡ್ ನ್ಯೂಸ್ ಬರೋದು ಟೀವಿಯಿಂದ ಅಲ್ಲ, ಕಾಫಿಪುಡಿ ಅಂಗಡಿಯಿಂದ. ಟೀವೀಲಿ ಎಂಟು ಜನ ಎಂಟು ಚೌಕದಲ್ಲಿ ಕೂತು ಕಿರುಚಾಡ್ತಾರೆ, ಯಾವ ದೇಶ ಯಾರ ಮೇಲೆ ಯಾಕೆ ಬಿತ್ತು ಅನ್ನೋದು ಕೊನೆಗೂ ತಲೆಗೆ ಹೋಗಲ್ಲ. ಅದೇ ಅಂಗಡಿಯವರು ಅರ್ಧ ಕೆಜಿ ತೂಗ್ತಾ "ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಿದೆ ಸಾರ್, ವಿಯೆಟ್ನಾಂನಲ್ಲೂ ಅದೇ ಕಥೆ" ಅಂದ್ರೆ ಸಾಕು, ಜೇಬಿಗೇ ನೇರವಾಗಿ ಅರ್ಥ ಆಗುತ್ತೆ. 2024ರಲ್ಲಿ ನಂಗೆ ಹಂಗೇ ಅರ್ಥ ಆಗಿದ್ದು. ಮುಂದಿನ ಫೆಬ್ರವರಿ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಕಾಫಿ ಪೌಂಡಿಗೆ 4 ಡಾಲರ್ ದಾಟ್ತು, ನಮ್ಮನೇಲಿ ಚಿಕೋರಿ 20 ಪರ್ಸೆಂಟ್‌ನಿಂದ 40ಕ್ಕೆ ಹೋಯ್ತು.

ಡಿಕಾಕ್ಷನ್ ನೋಡೋಕೆ ಗಟ್ಟಿ ಕಪ್ಪು, ಬಾಯಿಗಿಟ್ರೆ ಕಷಾಯ. ಅಮ್ಮ ಒಂದೇ ಗುಟುಕಿಗೆ ಲೋಟ ಕೆಳಗಿಟ್ಟು "ಪುಡಿ ಬದಲಾಯಿಸಿದ್ಯೇನೋ?" ಅಂದ್ಲು. ಬ್ರೆಜಿಲ್ ಕಥೆ ಹೇಳ್ದೆ. "ಅಲ್ಲಿ ಮಳೆ ಬರದಿದ್ರೆ ನಮ್ಮ ಚಿಕ್ಕಮಗಳೂರಿಗೇನೋ ದಾಡಿ?"

ಪ್ರಶ್ನೆ ಸರಿಯಾಗೇ ಇದೆ. ದೇಶದ ಕಾಫೀಲಿ ಹೆಚ್ಚುಕಮ್ಮಿ 70 ಪರ್ಸೆಂಟ್ ನಮ್ಮ ರಾಜ್ಯದ್ದೇ, ಆದ್ರೆ ರೇಟು ಕಟ್ಟೋದು ಅರೇಬಿಕಾಗೆ ನ್ಯೂಯಾರ್ಕು, ರೊಬಸ್ಟಾಗೆ ಲಂಡನ್ನು, ಎರಡೂ ಕಡೆ ಒಂದು ಕಾಫಿ ಗಿಡ ಇಲ್ಲ!

ಸಕಲೇಶಪುರದ ಕಡೆ ನಮ್ಮ ಭಾವನ ತೋಟ ಇದೆ. ಅವ್ರ ಮೊಬೈಲಿನ ವೆದರ್ ಆ್ಯಪಲ್ಲಿ ಎರಡೇ ಊರು, ಒಂದು ಅವ್ರದ್ದು, ಇನ್ನೊಂದು ಬ್ರೆಜಿಲ್‌ನ ಮಿನಾಸ್ ಜೆರೈಸ್ ಸೀಮೇದು. ಜುಲೈ ಬಂದ್ರೆ ಇಲ್ಲಿ ಧೋ ಅಂತ ಮಳೆ, ಕರೆಂಟಿಲ್ಲ, ಇವ್ರು ಕಂಬಳಿ ಹೊದ್ದು ಜಗಲೀಲಿ ಕೂತು ಅಲ್ಲಿ ಇಬ್ಬನಿ ಹೆಪ್ಪುಗಟ್ಟೋ ಫ್ರಾಸ್ಟ್ ಬಿತ್ತಾ ಅಂತ ನೋಡ್ತಿರ್ತಾರೆ, ಯಾಕಂದ್ರೆ ಅಲ್ಲಿಗೆ ಅದು ಚಳಿಗಾಲ. 2021ರಲ್ಲಿ ಬಿದ್ದೇಬಿಡ್ತು, ಗಿಡಗಳೆಲ್ಲ ಸುಟ್ಟಂಗಾದ್ವು. ಆವತ್ತು ಫೋನ್ ಮಾಡಿ "ಪಾಪ, ಅವ್ರೂ ನಮ್ಮಂಗೇ ಬೆಳೆಗಾರ್ರು ಕಣೋ" ಅಂದ್ರು, ಉಸಿರು ತಗೊಂಡು "ಮೂಟೆ ಈಗ್ಲೇ ಮಾರಲ್ಲ, ಇನ್ನೊಂಚೂರು ಏರ್ಲಿ" ಅಂತಾನೂ ಅಂದ್ರು.

ನಂಗೆ ಇದ್ರಲ್ಲಿ ತುಂಬ ಮಜಾ ಅನ್ಸೋದು ಯೆಮೆನ್ ವಿಷ್ಯ. ಬಾಬಾಬುಡನ್ ಅವರು ಏಳು ಬೀಜ ಬಚ್ಚಿಟ್ಕೊಂಡು ತಂದ್ರು ಅಂತಾರಲ್ಲ, ಅದು ಆ ಕೆಂಪು ಸಮುದ್ರದ ದಡದ ಮೋಕಾದಿಂದ. 2023ರ ಕೊನೇಲಿ ಅದೇ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ಕ್ಷಿಪಣಿ ಬಿಡೋಕೆ ಶುರು ಮಾಡಿದ್ಮೇಲೆ, ಇಟಲಿಗೆ ಹೋಗೋ ನಮ್ಮ ಕಾಫಿಗೂ ಆಫ್ರಿಕಾ ಪೂರ್ತಿ ಸುತ್ಕೊಂಡು ಹೋಗೋ ಗ್ರಹಚಾರ ಬಂತು. ತವರು ಮನೆ ಬಾಗ್ಲಲ್ಲೇ ಹಾದುಹೋಗೋಕೆ ಹೆದರಿಕೆ ಅಂದ್ರೆ ನೋಡಿ.

ಇದನ್ನೆಲ್ಲ ಅಮ್ಮಂಗೆ ವಿವರವಾಗಿ ಹೇಳಿದ್ದೇ ತಪ್ಪಾಯ್ತು. ಈಗ ಬೆಳಗ್ಗೆ ಫಿಲ್ಟರ್ ಮೇಲೆ ಚಮಚದಲ್ಲಿ ಟಕಟಕ ಅನ್ನಿಸ್ತಾ "ಬ್ರೆಜಿಲ್‌ನಲ್ಲಿ ಮಳೆ ಬಂತೇನೋ?" ಅಂತಾಳೆ. ಬಂದಿದೆ ಅಂದ್ರೆ ಖುಷಿ, ಮರುಕ್ಷಣ ಮುಖ ಸಣ್ಣದು.

"ಅಲ್ಲ, ಪೂರ್ತಿ ಬಂದ್ಬಿಟ್ರೆ ಅಳಿಯಂದ್ರಿಗೆ ಲಾಸಲ್ವೇನೋ? ಒಂದರ್ಧ ಬರ್ಲಿ ಬಿಡು."