ಎದುರು ಮನೆಯ ಹೆಪ್ಪು

ಮೊನ್ನೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆ ಹಳೇ ಫಾರ್ವರ್ಡ್ ಮತ್ತೆ ಬಂತು. ಹೊರಗಿನಿಂದ ಬಂದರೆ ಕಾಲು ತೊಳಿ, ಸ್ನಾನ ಮಾಡು, ಯಾರನ್ನೂ ಮುಟ್ಟಬೇಡ, ನೋಡಿ ನಮ್ಮ ಹಿರಿಯರ ಮಡಿ ಮೈಲಿಗೆಯನ್ನ ಕೊರೊನಾ ಬಂದಮೇಲೆ ಜಗತ್ತೇ ಒಪ್ಪಿಕೊಂಡಿತು ಅನ್ನುವ ಅದೇ ಫಾರ್ವರ್ಡ್. 2020ರಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಆಗ ಸುಮ್ನೆ ಇದ್ದೆ. ಈ ಸಲ ಉತ್ತರ ಬರೆಯೋಣ ಅಂತ ಕೂತೆ, ಗ್ರೂಪಿಗೆ ತೀರಾ ಉದ್ದ ಆಯ್ತು, ಇಲ್ಲಿ ಹಾಕುತ್ತಿದ್ದೇನೆ. ಗ್ರೂಪಿನವರು ಹೇಗೂ ಇಲ್ಲೂ ಇದ್ದೀರಿ.

ನಮ್ಮದು ಮೈಸೂರು. ಮನೆಯಲ್ಲಿ ನಾನು, ಇವರು, ಇಬ್ಬರು ಮಕ್ಕಳು, ಅತ್ತೆ. ಅತ್ತೆಗೆ ಆಗ 71 ವರ್ಷ. ಮಡಿ ಅಂದ್ರೆ ಅವರದ್ದು ನಿಜವಾದ ಮಡಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತಣ್ಣೀರು ಸ್ನಾನ ಮಾಡಿ, ಹಿಂದಿನ ದಿನ ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಒಣಹಾಕಿದ ಸೀರೆ ಉಟ್ಟು, ದೇವರಿಗೆ ನೈವೇದ್ಯ ಆಗುವವರೆಗೆ ಮೊಮ್ಮಕ್ಕಳನ್ನೂ ಹತ್ತಿರ ಸೇರಿಸುವುದಿಲ್ಲ. ಮದುವೆಮನೆಯಲ್ಲಿ ಒಂದು ಲೋಟ ನೀರೂ ಕುಡಿಯರು, ಚೀಲದಲ್ಲಿ ಅವರದೇ ಬಾಟಲಿ. ನನಗೋ, ದೇವರ ಮನೆಗೆ ಹೋಗಿ ಒಂದು ಊದುಬತ್ತಿ ಹಚ್ಚಿ ಕೈಮುಗಿಯುವಷ್ಟು ಭಕ್ತಿ. ಅದೂ ಸ್ಕೂಲಿಗೆ ಲೇಟಾದರೆ ಇಲ್ಲ. ಹದಿನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಬಸ್ಸಿನಲ್ಲಿ ಅಕ್ಕಪಕ್ಕ ಕೂತ ಅಪರಿಚಿತರ ಹಾಗೆ ಇದ್ದೆವು. ಜಗಳ ಇಲ್ಲ, ಮಾತೂ ಜಾಸ್ತಿ ಇಲ್ಲ.

ಮೊದಲ ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ಕ್ಕೆ, ಯುಗಾದಿ ದಿನವೇ. ಬೀದಿ ಕೊನೆಯ ಬೇವಿನ ಮರದಿಂದ ಒಂದು ರೆಂಬೆ ಮುರಿದು ತರುವುದಕ್ಕೆ ಇವರು ಕಳ್ಳನ ಹಾಗೆ ಗೋಡೆ ಪಕ್ಕದಲ್ಲೇ ಹೋಗಿ ಬಂದರು. ಆಮೇಲೆ ನಂಜನಗೂಡಿನ ಔಷಧಿ ಕಾರ್ಖಾನೆಯಲ್ಲಿ ಕೊರೊನಾ ಹರಡಿದ ಸುದ್ದಿ, ಮೈಸೂರು ರೆಡ್ ಝೋನ್. ನಂಜುಂಡೇಶ್ವರನ ದೊಡ್ಡ ಜಾತ್ರೆಯ ಐದು ತೇರುಗಳಲ್ಲಿ ಒಂದೂ ಆ ವರ್ಷ ಹೊರಡಲಿಲ್ಲ. ಪ್ರತಿ ಹುಣ್ಣಿಮೆಗೆ ನಂಜನಗೂಡಿಗೆ ಹೋಗಿಬರುವ ಅತ್ತೆ ಕುಸಿದುಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಬಚ್ಚಲಿನ ಕಲ್ಲು ತಿಕ್ಕುತ್ತಾ, "ಅವನಿಗೂ ಸ್ವಲ್ಪ ಪುರುಸೊತ್ತು ಬೇಡ್ವೇನೇ" ಅಂದರು. ಅಷ್ಟೇ. ಕುಸಿದದ್ದು ನಾನು. ಫೋನಿನಲ್ಲಿ ಎಂಟನೇ ಕ್ಲಾಸಿಗೆ ಗಣಿತ, ಮೂರು ಹೊತ್ತು ಐದು ಜನಕ್ಕೆ ಅಡುಗೆ, ಅರ್ಧ ಸಂಬಳ, ಮುಚ್ಚಿದ ಬಾಗಿಲಿನ ಹಿಂದೆ ಹತ್ತು ನಿಮಿಷ ಕೂರಲೂ ಜಾಗ ಇಲ್ಲ. ಲಾಕ್‌ಡೌನಿನಲ್ಲಿ ನಮ್ಮನ್ನು ನಾವು ಕಂಡುಕೊಂಡೆವು ಅಂತ ಅವತ್ತು ಬರೆದವರನ್ನೆಲ್ಲ ನಾನು ಇಲ್ಲೇ ಅನ್‌ಫಾಲೋ ಮಾಡಿದ್ದೆ. ಈಗ ಹೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಮೆಜೆಸ್ಟಿಕ್‌ನಲ್ಲಿ ಊರಿಗೆ ಹೋಗಲು ಗಂಟು ಕಟ್ಟಿಕೊಂಡು ಕೂತ ಜನ ಟಿವಿಯಲ್ಲಿ ಕಾಣುವಾಗ, ಕಂಡುಕೊಳ್ಳುವ ಮಾತು ನನಗೆ ಸೇರುತ್ತಿರಲಿಲ್ಲ.

ನಾನು ಹೇಳಬೇಕಾದ್ದು ಅದಲ್ಲ, 2021ರದ್ದು.

ಏಪ್ರಿಲ್ 27ರ ರಾತ್ರಿಯಿಂದ ಎರಡನೇ ಸಲ ಎಲ್ಲ ಬಂದ್, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ದಿನಸಿ, ತರಕಾರಿ. ಅದೇ ವಾರ ಇವರಿಗೆ ಜ್ವರ, ಎರಡು ದಿನ ಬಿಟ್ಟು ನನಗೆ. ಇಬ್ಬರಿಗೂ ಪಾಸಿಟಿವ್. ಮಕ್ಕಳು ಮತ್ತು ಅತ್ತೆ ನೆಗೆಟಿವ್. ನಾವಿಬ್ಬರೂ ಮಹಡಿ ರೂಮು ಸೇರಿದೆವು, ಅವರು ಮೂವರು ಕೆಳಗೆ. ಅತ್ತೆ ಅಡುಗೆ ಮಾಡಿ ಕೊಡುವುದು, ಮಗ ಮೆಟ್ಟಿಲ ತಿರುವಿನ ತನಕ ತಟ್ಟೆ ತಂದಿಟ್ಟು ಓಡುವುದು. ನಾಲ್ಕನೇ ದಿನ ಅತ್ತೆಗೆ ಸೊಂಟ ಹಿಡಿದುಕೊಂಡಿತು. ನೀರಿನ ಕೊಡ ಎತ್ತಿದ್ದರು, ಮಡಿನೀರಿಗೆ ನಲ್ಲಿ ಆಗಲ್ಲವಲ್ಲ.

ಎದುರು ಮನೆ ಆಂಟಿ ಫೋನ್ ಮಾಡಿದ್ದು ಆವತ್ತೇ. ಮುಸ್ಲಿಮರು, ಹನ್ನೊಂದು ವರ್ಷದಿಂದ ನಮ್ಮ ಎದುರಿಗೇ ಇದ್ದಾರೆ. ನನಗೆ ಅವರ ಜೊತೆ ಗೇಟಿನಲ್ಲಿ ನಿಂತು ಹರಟುವಷ್ಟು ಸಲಿಗೆ, ಅತ್ತೆಗೆ ಅವರು ಬರೀ 'ಎದುರು ಮನೆಯವಳು'. "ನಿಮ್ಮ ಅಮ್ಮೋರು ಒಪ್ಪಿದ್ರೆ ನಾನು ಊಟ ಕಳಿಸ್ತೀನಿ. ಮಗಳ ಮದುವೆಗೆ ಅಂತ ತೆಗೆದಿಟ್ಟಿರೋ ಹೊಸ ಪಾತ್ರೆ ಇದೆ, ಅದ್ರಲ್ಲೇ ಮಾಡ್ತೀನಿ, ಬೇರೇನೂ ಅದಕ್ಕೆ ಸೋಕಿಲ್ಲ" ಅಂದರು. ನನಗೆ ಮೊದಲು ಅನ್ನಿಸಿದ್ದು ಮುಜುಗರ. ಬೇಡ ಆಂಟಿ ಅಂತ ಹೇಳಲು ಬಾಯಿ ತೆರೆದೆ, ಕೆಮ್ಮು ಬಂತು. ಕೇಳಿ ಹೇಳ್ತೀನಿ ಅಂದೆ. ಮೇಲಿನಿಂದ ಕೆಳಗೆ ಫೋನ್ ಮಾಡಿ ಅತ್ತೆಗೆ ವಿಷಯ ಹೇಳಿದೆ. ಒಂದಷ್ಟು ಹೊತ್ತು ಏನೂ ಕೇಳಿಸಲಿಲ್ಲ, ಫ್ಯಾನಿನ ಸದ್ದು ಬಿಟ್ಟರೆ. ಆಮೇಲೆ ಅಂದರು, "ಸಾರಿಗೆ ಬೆಳ್ಳುಳ್ಳಿ ಹಾಕ್ಬೇಡ ಅಂತ ಹೇಳು."

ಆಗ ರಂಜಾನ್ ಉಪವಾಸದ ತಿಂಗಳು. ಹಗಲೆಲ್ಲ ಹನಿ ನೀರು ಕುಡಿಯದ ಹೆಂಗಸು ಬೆಳಿಗ್ಗೆ ಹನ್ನೊಂದಕ್ಕೆ ನಮಗೆ ಅನ್ನ, ಸಾರು, ಪಲ್ಯ ಮಾಡಿ ನಾಲ್ಕು ಅಂತಸ್ತಿನ ಕ್ಯಾರಿಯರಿನಲ್ಲಿ ತುಂಬಿ ನಮ್ಮ ಕಾಂಪೌಂಡಿನ ಮೇಲೆ ಇಟ್ಟು, ಬೆಲ್ ಒತ್ತಿ, ಹಿಂದೆ ಸರಿದು ನಿಲ್ಲುತ್ತಿದ್ದರು. ಉಪವಾಸದಲ್ಲಿ ಅವರು ಬಾಯಿಗೆ ಹಾಕಿ ರುಚಿ ನೋಡುವುದಿಲ್ಲ. ಹಾಗಾಗಿ ಉಪ್ಪು ಒಂದು ದಿನ ಕಮ್ಮಿ, ಒಂದು ದಿನ ಜಾಸ್ತಿ. ನನಗೂ ಇವರಿಗೂ ಅದು ಗೊತ್ತೇ ಆಗಲಿಲ್ಲ, ನಮಗೆ ರುಚಿ ವಾಸನೆ ಎರಡೂ ಹೋಗಿತ್ತು, ಉಪ್ಪಿನಕಾಯಿ ನೆಕ್ಕಿದರೂ ಒದ್ದೆ ಕಾಗದ ಜಗಿದ ಹಾಗೆ. ಎಷ್ಟೋ ದಿನ ಆದಮೇಲೆ ಮಗಳು ಹೇಳಿದಳು. ಮೊದಲ ದಿನವೇ ಅವಳು "ಸಾರಿಗೆ ಉಪ್ಪೇ ಇಲ್ಲ" ಅಂತ ಮುಖ ಕಿವುಚಿದ್ದಕ್ಕೆ ಅಜ್ಜಿ ಕಣ್ಣು ಬಿಟ್ಟರಂತೆ. ತಾವೇ ಕುಂಟುತ್ತಾ ಹೋಗಿ ಉಪ್ಪಿನ ಬಟ್ಟಲು ತಂದು ಮಕ್ಕಳ ಎಲೆ ತುದಿಗೆ ಬಡಿಸಿ, ತಾವು ಮಾತ್ರ ಹಾಗೇ ಕಲಸಿಕೊಂಡು ಉಂಡರಂತೆ. ಜನ್ಮದಲ್ಲಿ ಹೊರಗೆ ಊಟ ಮಾಡದ ಬಾಯಿ ಅದು. ನನ್ನ ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ ಮೂರು ದಿನ ನೆನಪಿಟ್ಟುಕೊಳ್ಳುವ ಬಾಯಿ.

ಮೇ 3ಕ್ಕೆ ಚಾಮರಾಜನಗರದ ಸುದ್ದಿ ಬಂತು, ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ 24 ಜನ. ನಮಗೆ ಚಾಮರಾಜನಗರ ಅಂದ್ರೆ ಪಕ್ಕದ ಮನೆ ಇದ್ದ ಹಾಗೆ. ಅದೇ ರಾತ್ರಿ ಇವರ ಆಕ್ಸಿಮೀಟರ್ 92ಕ್ಕೆ ಇಳಿಯಿತು. ಗೊತ್ತಿದ್ದ ಕಡೆಗೆಲ್ಲ ಫೋನ್ ಮಾಡಿದೆ, ಬೆಡ್ ಇಲ್ಲ. ಫೋನಿನಲ್ಲಿ ಸಿಕ್ಕ ಒಬ್ಬ ಡಾಕ್ಟರು ಬೋರಲು ಮಲಗಿಸಿ, ಅರ್ಧ ಗಂಟೆಗೊಮ್ಮೆ ನೋಡ್ತಾ ಇರಿ, 90ಕ್ಕೆ ಬಂದರೆ ಕಾಯಬೇಡಿ ಅಂದರು. ಪ್ರಾರ್ಥನೆ ಮಾಡಬೇಕು ಅನ್ನಿಸಿತು. ನಿಜ ಹೇಳ್ತೀನಿ, ಒಂದು ಶ್ಲೋಕವೂ ಪೂರ್ತಿ ನೆನಪಿಗೆ ಬರಲಿಲ್ಲ. ಬೆರಳಿನ ಕ್ಲಿಪ್ಪಿನಲ್ಲಿ ಮಿನುಗುವ ಆ ಕೆಂಪು ಅಂಕಿಯನ್ನೇ ನೋಡುತ್ತಾ ಇವರ ಉಸಿರು ಎಣಿಸಿದೆ.

ನಾಲ್ಕು ಗಂಟೆಗೆ ಕೆಳಗೆ ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಆ ಸೊಂಟದಲ್ಲೂ ಅತ್ತೆ ಎದ್ದಿದ್ದರು. ಅಡುಗೆಮನೆ ದೀಪ ಹತ್ತಿ, ಅದರ ಬೆಳಕು ಅಂಗಳದ ತುಳಸಿ ಮೇಲೆ ಬಿತ್ತು. ಕಿಟಕಿಗೆ ಹೋಗಿ ನಿಂತೆ. ಎದುರು ಮನೆಯ ಅಡುಗೆಮನೆಯಲ್ಲೂ ದೀಪ ಇತ್ತು, ಸಹರಿಗೆ, ಅಂದ್ರೆ ಉಪವಾಸ ಶುರುವಾಗುವ ಮುಂಚಿನ ಊಟಕ್ಕೆ, ಎದ್ದಿದ್ದರು. ಬೀದಿಗೆಲ್ಲ ಅವೆರಡೇ ದೀಪ. ಅತ್ತೆಯದ್ದು ಸಹಸ್ರನಾಮ ಮಣಮಣ ಅಂತ ಶುರುವಾಯಿತು, ಆ ಕಡೆ ಪಾತ್ರೆ ಸದ್ದು. ಇಷ್ಟು ವರ್ಷ ಈ ಇಬ್ಬರು ಹೆಂಗಸರು ಎದುರುಬದುರು ಎದ್ದು ದೀಪ ಹಚ್ಚುತ್ತಿದ್ದಾರೆ, ನಾನು ಆ ಹೊತ್ತಿಗೆ ಒಂದು ದಿನವೂ ಎದ್ದಿರಲಿಲ್ಲ. ಆ ಎರಡು ದೀಪ ನೋಡುತ್ತಾ ನಿಂತೆ, ಎದೆ ಸ್ವಲ್ಪ ಸಡಿಲವಾಯಿತು. ನಾಳೆಯೂ ಈ ಇಬ್ಬರೂ ನಾಲ್ಕಕ್ಕೇ ಏಳುತ್ತಾರೆ, ಏನೇ ಆಗಲಿ. ಅದನ್ನು ಭಕ್ತಿ ಅನ್ನಿ, ಅಭ್ಯಾಸ ಅನ್ನಿ. ನನ್ನ ಹತ್ತಿರ ಅಂಥದ್ದು ಯಾವುದೂ ಇಲ್ಲವಲ್ಲ ಅಂತ ಹೊಟ್ಟೆಕಿಚ್ಚಾಯಿತು.

ಬೆಳಗಾಗುವ ಹೊತ್ತಿಗೆ 94, ಎರಡು ದಿನಕ್ಕೆ 96. ದೇವರು ಕಾಪಾಡಿದ ಅಂತ ಎಲ್ಲರೂ ಅಂದರು. ನಾನು ಅನ್ನುವುದಿಲ್ಲ. ನಮ್ಮ ಬೀದಿಯ ಮೂಲೆಮನೆಯವರು ಅದೇ ವಾರ ಹೋದರು, ಅವರ ಹೆಂಡತಿ ನನಗಿಂತ ನೂರು ಪಾಲು ಹೆಚ್ಚು ಕೈಮುಗಿದಿರುತ್ತಾರೆ. ನಮ್ಮನ್ನು ಕಾಪಾಡಿದ ಅಂದರೆ ಅವರ ವಿಷಯಕ್ಕೆ ಏನು ಹೇಳಲಿ? ನನಗೆ ನಂಬಿಕೆ ಬಂದಿರುವುದು ಕಾಂಪೌಂಡಿನ ಮೇಲೆ ಇಟ್ಟ ಕ್ಯಾರಿಯರಿನ ಮೇಲೆ, ಉಪ್ಪಿಲ್ಲದ ಸಾರನ್ನು ಮಾತಾಡದೆ ಉಂಡ ಅತ್ತೆಯ ಮೇಲೆ. ಅದರ ಹಿಂದೆ ಯಾರಿದ್ದಾರೆ ಅನ್ನುವುದು ದೊಡ್ಡವರಿಗೆ ಬಿಟ್ಟದ್ದು.

ಇನ್ನು ಹೆಪ್ಪಿನ ವಿಷಯ. ಗಲಾಟೆಯಲ್ಲಿ ಮೊಸರಿನ ಪಾತ್ರೆಯನ್ನು ಎಲ್ಲರೂ ಮರೆತಿದ್ದೆವು, ಬೂಷ್ಟು ಬಂದಿತ್ತು. ಪ್ಯಾಕೆಟ್ ಮೊಸರು ಅತ್ತೆಗೆ ಆಗುವುದಿಲ್ಲ. ಮಗಳು ಗೇಟಿನಲ್ಲಿ ಬಾಯಿಬಿಟ್ಟಿದ್ದಾಳೆ, "ಅಜ್ಜಿಗೆ ಮೊಸರನ್ನ ಇಲ್ಲ" ಅಂತ. ಸಾಯಂಕಾಲ ಕ್ಯಾರಿಯರ್ ಪಕ್ಕದಲ್ಲಿ ಒಂದು ಪುಟ್ಟ ಸ್ಟೀಲ್ ಬಟ್ಟಲು, ಅದರಲ್ಲಿ ಎರಡು ಚಮಚ ಗಟ್ಟಿ ಮೊಸರು. ಅತ್ತೆ ಹಾಲು ಉಗುರುಬೆಚ್ಚಗೆ ಮಾಡಿ, ಬೆರಳು ಅದ್ದಿ ನೋಡಿ, ಆ ಹೆಪ್ಪು ಹಾಕಿ, ಪಾತ್ರೆಯನ್ನು ಮೂಲೆಗೆ ಸರಿಸಿ, ಯಾರೂ ಅಲ್ಲಾಡಿಸಬೇಡಿ ಅಂದರಂತೆ. ಹೆಪ್ಪು ಇಲ್ಲದಿದ್ದರೆ ಹಸಿಮೆಣಸಿನಕಾಯಿ ತೊಟ್ಟು ಹಾಕಿದರೂ ಹಾಲು ಹೆಪ್ಪುಗಟ್ಟುತ್ತದೆ, ಅದು ನನಗೆ ಕಲಿಸಿದ್ದೇ ಅವರು. ಮನೆಯಲ್ಲಿ ಮೆಣಸಿನಕಾಯಿ ಇತ್ತು. ಹೋದ ವರ್ಷ ಕೇಳಿದೆ, ಆವತ್ತು ಯಾಕೆ ತೊಟ್ಟು ಹಾಕಲಿಲ್ಲ ಅತ್ತೆ ಅಂತ. "ಪಾಪ, ಉಪವಾಸ ಇದ್ಕೊಂಡು ತಂದುಕೊಟ್ಟಿದ್ದಾಳೆ, ಬೇಡ ಅನ್ನಕ್ಕಾಗತ್ತೇನೇ" ಅಂದರು.

ಆ ವರ್ಷ ಅಕ್ಷಯ ತದಿಗೆ, ಬಸವ ಜಯಂತಿ, ರಂಜಾನ್ ಹಬ್ಬ ಮೂರೂ ಮೇ 14ರಂದೇ ಬಂದವು. ಬಟ್ಟಲನ್ನು ಖಾಲಿ ವಾಪಸ್ ಕೊಡಬಾರದು ಅಂತ ಅತ್ತೆ ಅದರ ತುಂಬ ಸಕ್ಕರೆ ಹಾಕಿ ಮಗನ ಕೈಯಲ್ಲಿ ಕಳಿಸಿದರು. ಆಂಟಿ ಅದನ್ನು ಶಾವಿಗೆ ಪಾಯಸ ತುಂಬಿಸಿ ತಿರುಗಿ ಕಳಿಸಿದರು. ಹೀಗಾಗಿ ಬಟ್ಟಲು ಈಗಲೂ ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ. ಅತ್ತೆ ಬದಲಾಗಿಬಿಟ್ಟರು ಅಂದುಕೊಳ್ಳಬೇಡಿ. ಜೂನ್ ಹೊತ್ತಿಗೆ ಮಡಿ ಮೊದಲಿನ ಹಾಗೇ ಶುರು, ಗಳುವಿನ ಸೀರೆ ಮುಟ್ಟಿದರೆ ಈಗಲೂ ಬೈಗುಳ. ಆ ಪಾಯಸವನ್ನೂ ಮಕ್ಕಳಿಗೇ ಕೊಟ್ಟರು, ತಾವು ತಿನ್ನಲಿಲ್ಲ. ನಾನೂ ಈಗೇನು ನಾಲ್ಕಕ್ಕೆ ಏಳುವುದಿಲ್ಲ, ಆದರೆ ರಾತ್ರಿ ಹೆಪ್ಪು ಹಾಕುವ ಕೆಲಸ ನನ್ನದು, ಯಾರಿಗೂ ಬಿಡುವುದಿಲ್ಲ. ಇದನ್ನೆಲ್ಲ ಬರೀಲಾ ಅಂತ ಅತ್ತೆಯನ್ನು ಕೇಳಿದೆ. "ಬರಿ, ಸುಳ್ಳೇನಲ್ಲವಲ್ಲ" ಅಂದರು, ಬತ್ತಿ ಹೊಸೆಯುತ್ತಾ.

ಅಂದ ಹಾಗೆ, ಮೊನ್ನೆ ಆ ಫಾರ್ವರ್ಡ್ ಹಾಕಿದ್ದು ನಮ್ಮ ನಾದಿನಿ. ಅವಳು ಬೆಂಗಳೂರಲ್ಲಿ ಹೊಸ ಮನೆ ಗೃಹಪ್ರವೇಶ ಮಾಡಿದಾಗ ಅತ್ತೆ ಇಲ್ಲಿಂದ ಮಡಿಯಲ್ಲೇ ಒಂದು ಡಬ್ಬಿಯಲ್ಲಿ ಹೆಪ್ಪು ಒಯ್ದಿದ್ದರು. ನಮ್ಮನೆ ಮೊಸರಿನ ರುಚಿ ಎಲ್ಲೂ ಬರಲ್ಲ ಅಂತ ಅವಳೇ ಹೇಳ್ತಿರ್ತಾಳೆ. ನಿಜ ಕಣೇ, ಬರಲ್ಲ.