ಕಿವಿಗೆ ಹೂವು, ಕೈಗೆ ಚೊಂಬು

ಪಶ್ಚಿಮ ಘಟ್ಟದಿಂದ ನಮ್ಮ ಬರದ ಜಿಲ್ಲೆಗಳಿಗೆ ತರ್ತೀವಿ ಅಂದ ಎತ್ತಿನಹೊಳೆ ನೀರು ಇನ್ನೇನು ಬಂದೇ ಬಿಡುತ್ತೆ ಅಂತ ಪೇಪರಿನಲ್ಲಿ ಮತ್ತೆ ಬಂದಿದೆ. ಚಿಕ್ಕಬಳ್ಳಾಪುರದ ಟೀ ಅಂಗಡಿಯಲ್ಲಿ ಇದನ್ನು ಜೋರಾಗಿ ಓದಿ ನೋಡಿ. "ಬೆಳಗ್ಗೆ ಬೆಳಗ್ಗೆನೇ ಬೋರ್ ಹೊಡೆಸ್ಬೇಡ ಕಣಣ್ಣ" ಅಂತಾರೆ.

ಬೇರೆ ಕಡೆ ಬೋರ್ ಹೊಡೆಸೋದು ಅಂದರೆ ಬೇಜಾರು ಮಾಡೋದು, ಅಷ್ಟೇ. ನಮ್ಮ ಕಡೆ ಅದಕ್ಕೆ ಲಾರಿ ಬರಬೇಕು, ಸಾಲ ಆಗಬೇಕು. ಸಾವಿರ ಅಡಿ ದಾಟಿದ ಮೇಲೂ ಧೂಳೇ ಬಂದರೆ ಬೇಜಾರು ಫ್ರೀ.

ಆಡುಮಾತಿನ ಈ ರುಚಿ ಪಕ್ಷಗಳಿಗೂ ಹತ್ತಿದೆ. 2023ರಲ್ಲಿ ಬಿಜೆಪಿ ಸರ್ಕಾರದ ಬಜೆಟ್ ದಿನ ಕಾಂಗ್ರೆಸ್ಸಿನವರು ಕಿವಿ ಮೇಲೆ ಹೂವಿಟ್ಟುಕೊಂಡು ಸದನಕ್ಕೆ ಬಂದರು. ನಮಗೆ ಇಡೋ ಹೂವನ್ನು ಒಂದು ದಿನ ತಾವೇ ಇಟ್ಟುಕೊಂಡರಲ್ಲ, ದೊಡ್ಡ ಮನಸ್ಸು! ಮುಂದಿನ ವರ್ಷ ಲೋಕಸಭೆ ಚುನಾವಣೆಗೆ ಚೊಂಬು ಬಂತು. ಕೇಂದ್ರ ಕೊಟ್ಟಿದ್ದು ಬರೀ ಚೊಂಬು ಅಂತ ಜಾಹೀರಾತು. ಅದೇ ಏಪ್ರಿಲಿನಲ್ಲಿ ಚಿಕ್ಕಬಳ್ಳಾಪುರದ ಸಭೆಯಲ್ಲಿ, ಪ್ರಧಾನಿಯವರ ಎದುರಿಗೇ, ದೇವೇಗೌಡರು ಅದನ್ನು ಅಕ್ಷಯಪಾತ್ರೆ ಮಾಡಿದರು. ಒಳಗೆ ನೀರಿದೆಯಾ ಅಂತ ಎರಡೂ ಕಡೆಯವರು ಬಗ್ಗಿ ನೋಡಲಿಲ್ಲ. ಟ್ಯಾಂಕರ್ ಕಾಯ್ತಾ ನಿಂತ ಹೆಂಗಸರ ಕೈಯಲ್ಲಿದ್ದದ್ದು ಮಾತ್ರ ನಿಜವಾದ ಬಿಂದಿಗೆ.

ಚೊಂಬಿಗಿಂತ ಚಿಪ್ಪು ವಾಸಿ. ತಿಪಟೂರು ಕಡೆ ಕೊಬ್ಬರಿ ತೆಗೆದ ಮೇಲೆ ಚಿಪ್ಪನ್ನೂ ಮಾರುತ್ತಾರೆ. ಇದ್ದಿಲು ಸುಡುವವರು ತೂಕ ಹಾಕಿ ಒಯ್ಯುತ್ತಾರೆ. ಹಾಗಾಗಿ ಅಲ್ಲಿ "ಕೈಗೆ ಚಿಪ್ಪು ಕೊಟ್ಟರು" ಅಂದರೆ ಪೂರ್ತಿ ಮೋಸ ಅನ್ನೋ ಹಾಗಿಲ್ಲ. ಯಾವುದಾದರೂ ಪಕ್ಷ ಇದನ್ನು ಪ್ರಣಾಳಿಕೆಗೆ ಸೇರಿಸಬಹುದು.

ಕೋಲಾರದವರಂತೂ "ಸರ್ಕಾರ ನಮಗೆ ನೀರು ಕುಡಿಸ್ತಿದೆ" ಅಂದರೆ ಹೊಗಳಿದರೋ ಬೈದರೋ ಗೊತ್ತಾಗಲ್ಲ. ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ 2018ರಿಂದ ಅವರ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತವೂ ಮಾಡಿ ಅಂತ ಕೇಳಿ ಕೇಳಿ ಜನರ ಗಂಟಲೇ ಒಣಗಿತು.

ಎತ್ತಿನಹೊಳೆಗೆ 2012ರಲ್ಲಿ 8,323 ಕೋಟಿ ಸಾಕು ಅಂದಿದ್ದರು. ಈಗ ಲೆಕ್ಕ 23 ಸಾವಿರ ಕೋಟಿ ದಾಟಿದೆ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಹಾಕಿದರು. ಆಮೇಲೆ ಮೂರೂ ಪಕ್ಷದವರು ಮುಖ್ಯಮಂತ್ರಿ ಆದರು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ಮಕ್ಕಳು ಈ ಜಿಲ್ಲೆಗಳಲ್ಲಿ ಎಷ್ಟೋ ಊರಲ್ಲಿ ಸಿಗುತ್ತಾರೆ. ಅವರ ಮುಂದೆ ನಿಂತು ಚೊಂಬು, ಹೂವು ಅಂತ ಜೋಕ್ ಹೊಡೆಯೋಕೆ ನಾಚಿಕೆ ಆಗಬೇಕು. ನೀರು ಯಾವಾಗಾದರೂ ಕೊಡಿ. ತಾರೀಖು ಹೇಳೋದನ್ನಾದರೂ ನಿಲ್ಲಿಸಿ ಸ್ವಾಮಿ.